ಗೌರಕ್ಕನ ಕೋರಾ ರವಿಕೆ

ಮೊನ್ನೆ ಹಾಸಿಗೆಯ ಗವಸಿಗೆಂದು ತುಮಕೂರಿನ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಕೋರಾ ಬಟ್ಟೆಯ ಥಾನನ್ನು ಹಲಗೆಯ ಮೇಲೆ ಉರುಳಿಸಿ ಬಿಚ್ಚಿದ. ತೊಳೆಯದ, ಬಿಳುಪು ಮಾಡದ ಆ ಬಟ್ಟೆಯಿಂದ ಗಂಜಿಯ ವಾಸನೆ ಎದ್ದಿತು. ಒಂದಿಷ್ಟು ಹುಳಿ, ಒಂದಿಷ್ಟು ಧೂಳು, ನೆನೆದ ಗೋಣಿಚೀಲ ಆರುವಾಗ ಬರುತ್ತದಲ್ಲ, ಹಾಗೆ. "ಎಷ್ಟು ಮೀಟರ್ ಕೊಡ್ಲಿ ಅಮ್ಮ?" ಎಂದು ಅವನು ಎರಡು ಸಲ ಕೇಳಿದ ಮೇಲೆ ನನ್ನ ಬಾಯಿಂದ ಬಂದದ್ದು, "ಒಂದು ಗಜ." ಅವನು ನಕ್ಕ. "ಗಜದ ಕಾಲ ಹೋಯ್ತಲ್ಲ ಅಮ್ಮ. ಒಂದು ಗಜದಲ್ಲಿ ಹಾಸಿಗೆ ಗವಸು ಆಗುತ್ತಾ?" ಆಗುವುದಿಲ್ಲ. ಒಂದು ಗಜದಲ್ಲಿ ಒಂದು ರವಿಕೆ ಆಗುತ್ತದೆ. ನಾನು ಒಂದೇ ಚಳಿಗಾಲದಲ್ಲಿ ಒಬ್ಬಳಿಗಾಗಿಯೇ ಮೂರು ಗಜ ಕೋರಾ ಕತ್ತರಿಸಿದ್ದೆ.

ಅದು ಅರವತ್ತೊಂದನೆಯ ಇಸವಿ ಇರಬೇಕು. ಅಂಗಡಿಗಳಲ್ಲಿ ಗಜದ ಕೋಲು ಇನ್ನೂ ಹೋಗಿರಲಿಲ್ಲ, ಮೀಟರಿನ ಕೋಲು ಆಗಲೇ ಬಂದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕುಳಿತಿರುತ್ತಿದ್ದರು. ನನಗೆ ಮದುವೆಯಾಗಿ ಐದು ವರ್ಷ. ನಮ್ಮವರು ತುಮಕೂರಿನ ಹೈಸ್ಕೂಲೊಂದರಲ್ಲಿ ಮೇಷ್ಟರು. ಮರಳೂರಿಗೆ ಹೋಗುವ ದಾರಿಯಲ್ಲಿ, ಊರು ಮುಗಿದು ರಾಗಿ ಹೊಲ ಶುರುವಾಗುವ ಕಡೆ ನಮ್ಮ ಬಾಡಿಗೆ ಮನೆ. ಮನೆಯಲ್ಲಿ ನಾವಿಬ್ಬರೇ. ಮಧ್ಯಾಹ್ನದ ಹೊತ್ತು ಕೈಮೆಷಿನ್ನು ಇಟ್ಟುಕೊಂಡು ಅಕ್ಕಪಕ್ಕದವರ ರವಿಕೆ, ಮಕ್ಕಳ ಲಂಗ ಹೊಲಿಯುತ್ತಿದ್ದೆ.

ಹೊಲಿಗೆ ಕಲಿತದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರು ತುಂಬ ಸಾವಕಾಶದ ಹೆಂಗಸು. ಮೈಯ ಅಳತೆ ತೆಗೆದು, ಕಾಗದವನ್ನು ನಡುವೆ ಮಡಿಸಿ, ಅರ್ಧ ಮೈಯನ್ನಷ್ಟೇ ಬರೆದು, ಮಡಿಕೆಯ ಮೇಲೆ ಕತ್ತರಿಸಬೇಕು. ಬಿಚ್ಚಿದರೆ ಪೂರ್ತಿ ಮೈ. ಆಮೇಲೂ ಒಳ್ಳೆಯ ಬಟ್ಟೆಯನ್ನು ಮುಟ್ಟುವ ಹಾಗಿಲ್ಲ. ಮೊದಲು ಕೋರಾದಲ್ಲಿ ಒಂದು ಪರೀಕ್ಷೆಯ ರವಿಕೆ ಹೊಲಿದು, ತೊಡಿಸಿ, ಎಲ್ಲಿ ಎಳೆಯುತ್ತದೆ ಎಲ್ಲಿ ಜೋಲುತ್ತದೆ ಎಂದು ಗುಂಡುಸೂಜಿ ಚುಚ್ಚಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಿಚ್ಚಿ, ಕಾಗದವನ್ನು ತಿದ್ದಬೇಕು. ನಮ್ಮ ಅತ್ತೆಗೆ ಇದು ದೊಡ್ಡ ತಮಾಷೆ. "ಒಂದು ರವಿಕೆಗೆ ಎರಡು ರವಿಕೆ ಬಟ್ಟೆ! ನಿಮ್ಮ ಕಾನ್ವೆಂಟಲ್ಲಿ ಉಪ್ಪಿಟ್ಟಿಗೂ ಮುಂಚೆ ಒಂದು ಸುಳ್ಳು ಉಪ್ಪಿಟ್ಟು ಮಾಡ್ತಾರೇನೇ?" ಎನ್ನುತ್ತಿದ್ದರು.

ನಮ್ಮ ಕಡೆ ಆಗ ಹೆಂಗಸರ ಮೈಗೆ ಟೇಪು ಹಿಡಿಯುವ ಪದ್ಧತಿಯೇ ಇರಲಿಲ್ಲ. ಟೈಲರಿಗಾಗಲಿ, ನನಗಾಗಲಿ, ಹಳೆಯದೊಂದು ರವಿಕೆ ಕಳಿಸುತ್ತಿದ್ದರು. ಅದಕ್ಕೆ ಅಳತೆ ರವಿಕೆ ಎಂದು ಹೆಸರು. ಹತ್ತು ವರ್ಷದ ಹಿಂದೆ ಯಾರೋ ಹೊಲಿದದ್ದರ ಅಳತೆಗೆ ಇನ್ನೊಂದು, ಅದರ ಅಳತೆಗೆ ಮತ್ತೊಂದು. ನಾನೂ ಸಂಕೋಚದವಳೇ. ಕೇಳಿದವರಿಗೆ ಟೇಪು ಹಿಡಿಯುತ್ತಿದ್ದೆ, ಕೇಳದವರಿಗೆ ಅವರು ಕೊಟ್ಟ ರವಿಕೆಯನ್ನೇ ನಂಬುತ್ತಿದ್ದೆ.

ಗೌರಕ್ಕ ನಮ್ಮ ಭಾವನವರ ಹೆಂಡತಿ, ನನ್ನ ವಾರಗಿತ್ತಿ. ಗುಬ್ಬಿಯಲ್ಲಿ ಮನೆ, ಅತ್ತೆ ಇದ್ದದ್ದೂ ಅಲ್ಲೇ; ಚೇಳೂರಿನ ಕಡೆ ತೆಂಗಿನ ತೋಟ. ನನಗಿಂತ ಹದಿನೈದು ವರ್ಷ ದೊಡ್ಡವಳು. ಎತ್ತರದ ಆಳು, ದೊಡ್ಡ ದನಿ, ತೆಂಗಿನಕಾಯನ್ನು ಒಂದೇ ಏಟಿಗೆ ಸರಿಯಾಗಿ ಎರಡು ಹೋಳು ಮಾಡುವ ಕೈ. ಹೊಸ ಸೊಸೆಯಾಗಿ ಬಂದಾಗ ನನ್ನ ಮೆದು ಮಾತನ್ನು ಕೇಳಿ, "ಇವಳು ಮಾತಾಡೋದನ್ನ ಕೇಳಬೇಕಾದ್ರೆ ಒಲೆ ಊದೋದನ್ನ ನಿಲ್ಲಿಸಬೇಕು ಕಣ್ರೇ" ಎಂದು ಎಲ್ಲರನ್ನೂ ನಗಿಸಿದ್ದಳು. ಆ ವರ್ಷ ಆಷಾಢದಲ್ಲಿ ಅವಳ ಬಲಗಡೆಯ ಎದೆಯಲ್ಲಿ ಗಂಟು ಸಿಕ್ಕಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದರು. ಕಂಕುಳಿನವರೆಗೂ ತೆಗೆದರು. ನೆಂಟರಿಗೆಲ್ಲ "ಹೊಟ್ಟೆ ಆಪರೇಷನ್" ಎಂದು ಹೇಳಿದ್ದಾಯಿತು. ಶ್ರಾವಣದಲ್ಲಿ ಮನೆಗೆ ಬಂದವಳು ನಡುಮನೆಯಿಂದ ಹೊರಗೆ ಬರಲಿಲ್ಲ. ಸೆರಗನ್ನು ಎರಡೂ ಹೆಗಲ ಮೇಲೆ ಶಾಲಿನ ಹಾಗೆ ಹೊದ್ದು, ಬಾಗಿಲಿಗೆ ಎಡಮೈ ಮಾಡಿ ಕೂರುತ್ತಿದ್ದಳು.

ಕಾರ್ತಿಕದಲ್ಲಿ ಅವಳ ಒಬ್ಬಳೇ ಮಗಳು ರತ್ನನಿಗೆ ಕುಣಿಗಲ್ಲಿನ ಕಡೆಯ ಹುಡುಗ ಗೊತ್ತಾದ. ಓವರ್‌ಸಿಯರ್ ಕೆಲಸ, ಒಳ್ಳೆಯ ಮನೆ. ಮಾಘದಲ್ಲಿ ಮದುವೆ, ಗುಬ್ಬಿಯ ಮನೆಯ ಮುಂದೆಯೇ ಚಪ್ಪರ. ದಿನ ಗೊತ್ತುಮಾಡಿ ಕುಣಿಗಲ್ಲಿನವರು ಹೊರಟ ಮೇಲೆ ಪಡಸಾಲೆಯಲ್ಲಿ ನಾವು ಮನೆಯವರಷ್ಟೇ ಉಳಿದೆವು. ಜಡಿಮಳೆ ಹಿಡಿದಿತ್ತು. ಭಾವನವರು ನೆಲ ನೋಡುತ್ತಾ, "ಧಾರೆಗೆ ಇವಳು ಕೂರಲ್ಲ ಅಂತಾಳೆ. ಜನದ ಮುಂದೆ ಬರಲ್ಲ ಅಂತಾಳೆ" ಎಂದರು. ಹೆಣ್ಣಿನ ಕೈಯನ್ನು ಗಂಡಿನ ಕೈಯಲ್ಲಿಟ್ಟು, ಅದರ ಮೇಲೆ ತಾಯಿ ಗಿಂಡಿಯಿಂದ ಧಾರೆ ಎರೆಯದೆ ನಮ್ಮಲ್ಲಿ ಮದುವೆ ಇಲ್ಲ. ತಂದೆ ತಾಯಿ ಕೂರಲಾಗದಿದ್ದರೆ ಚಿಕ್ಕಪ್ಪ ಚಿಕ್ಕಮ್ಮ ಕೂರಬೇಕು.

ಅತ್ತೆ ಎಲೆಯಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಚಿಕ್ಕೋನೂ ವಿಮಲನೂ ಕೂತ್ಕಳ್ಳಿ ಬುಡು. ಕನ್ಯಾದಾನ ಮಾಡಿದ ಕೈನ ದೇವ್ರು ಬರಿದಾಗಿ ಬುಡಾಕಿಲ್ಲ. ಐದು ವರ್ಷ ಆಯ್ತು. ಅವಳ ಮಡಿಲೂ ತುಂಬ್ಲಿ."

ಯಾರೂ ನನ್ನ ಮುಖ ನೋಡಲಿಲ್ಲ. ನಾನೂ ತಲೆ ಎತ್ತಲಿಲ್ಲ. ನಾಚಿಕೆಯಾಯಿತು ಎಂದು ಬರೆದರೆ ಅರ್ಧ ಮಾತಾಗುತ್ತದೆ. ನನಗೆ ಸಂತೋಷವಾಯಿತು. ಅಂದು ಸಾಯಂಕಾಲದ ಪ್ಯಾಸೆಂಜರ್ ಗಾಡಿಯಲ್ಲಿ ತುಮಕೂರಿಗೆ ವಾಪಸು ಬರುವಾಗ ಸೆರಗಿನ ಒಳಗೆ ಎರಡೂ ಕೈಗಳನ್ನು ಗಿಂಡಿ ಹಿಡಿಯುವ ಹಾಗೆ ಹಿಡಿದುಕೊಂಡು ಕೂತಿದ್ದೆ. ಮಾರನೆಯ ವಾರವೇ ಪೇಟೆಗೆ ಹೋಗಿ ಹಸಿರು ರೇಷ್ಮೆಯ ರವಿಕೆ ಕಣವನ್ನು ತಂದು, ಯಾರಿಗೂ ಹೇಳದೆ ಟ್ರಂಕಿನ ತಳದಲ್ಲಿ ಇಟ್ಟೆ. ಧಾರೆಯ ದಿನಕ್ಕೆ.

ಹತ್ತು ದಿನ ಕಳೆದಿತ್ತೋ ಇಲ್ಲವೋ, ರತ್ನ ಒಬ್ಬಳೇ ಬಸ್ಸಿನಲ್ಲಿ ಬಂದಳು. ಹತ್ತೊಂಬತ್ತರ ಹುಡುಗಿ, ತಾಯಿಯ ಎತ್ತರ, ತಂದೆಯ ಮೌನ. ಚೀಲದಿಂದ ಅರಿಶಿನ ಬಣ್ಣದ ರೇಷ್ಮೆ ಕಣ, ಅದರ ಜೊತೆ ಗೌರಕ್ಕನ ಹಳೆಯ ನೀಲಿ ರವಿಕೆಯೊಂದನ್ನು ತೆಗೆದಳು.

"ಅಮ್ಮ ಕೂರ್ತಾಳಂತೆ ಚಿಕ್ಕಮ್ಮ. ಈ ಅಳತೆಗೆ ಹೊಲಿದು ಬಲಗಡೆ ಒಳಗೆ ಏನಾದ್ರೂ ತುಂಬಿಕೊಡಬೇಕಂತೆ. ನೋಡಿದವರಿಗೆ ಗೊತ್ತಾಗದ ಹಾಗೆ ಆದ್ರೆ ಕೂರ್ತಾಳಂತೆ. ಆಗಲಿಲ್ಲ ಅಂದ್ರೆ ನೀವೇ. ಅಜ್ಜಿಗೆ ಹೇಳಬೇಡಿ ಅಂದಳು." ರೇಷ್ಮೆಯನ್ನು ನನ್ನ ಕಡೆ ಸರಿಸಿ, "ನನಗೂ ಅಮ್ಮನೇ ಎರೀಲಿ ಅಂತ ಆಸೆ. ನಿಮಗೆ ಬೇಜಾರಾಗಲ್ಲ ಅಲ್ವಾ?" ಎಂದಳು.

"ಬೇಜಾರೇನು, ಹುಚ್ಚಿ" ಎಂದೆ. ಅವಳಿಗೆ ಕಾಫಿ ಮಾಡಲು ಒಳಗೆ ಹೋದವಳು ಡಬರಿಯಲ್ಲಿ ಹಾಲು ಉಕ್ಕಿ ಚೆಲ್ಲುವವರೆಗೂ ಅದನ್ನೇ ನೋಡುತ್ತಾ ನಿಂತಿದ್ದೆ.

ಮೊದಲನೆಯ ಕೋರಾ ರವಿಕೆಯನ್ನು ಆ ನೀಲಿ ಅಳತೆ ರವಿಕೆಗೇ ಹೊಲಿದೆ. ಬಲಗಡೆ ಒಳಗೆ ಬೂರುಗದ ಹತ್ತಿಯ ಸಣ್ಣ ದಿಂಬು ಇಟ್ಟೆ. ಭಾನುವಾರ ಗುಬ್ಬಿಗೆ ಹೋದೆ. ಗೌರಕ್ಕ ಬಾಗಿಲ ಮರೆಯಲ್ಲಿ ತೊಟ್ಟುಕೊಳ್ಳಲು ಹೋಗಿ ತುಂಬ ಹೊತ್ತು ಬರಲಿಲ್ಲ. "ಬಾರೇ ಒಳಗೆ" ಎಂದು ಕರೆದಾಗ ನೋಡಿದರೆ ಬಲತೋಳು ಮೊಣಕೈಯಿಂದ ಮೇಲಕ್ಕೆ ಏರಿಯೇ ಇಲ್ಲ. ಆಪರೇಷನ್ ಆದ ಮೇಲೆ ಆ ಕೈ ಊದಿಕೊಂಡು ಬಾಳೆದಿಂಡಿನ ಹಾಗಾಗಿತ್ತು. ನನಗೆ ಅದು ಗೊತ್ತೇ ಇರಲಿಲ್ಲ. ಹತ್ತಿಯ ದಿಂಬು ಹಗುರವಾಗಿ ಮೇಲೆ ಮೇಲೆ ಹತ್ತಿ ಕೊರಳಿನ ಮೂಳೆಯ ಹತ್ತಿರ ನಿಂತಿತ್ತು.

"ಇದು ಇಲ್ಲಿಗೆ ಬಂತಲ್ಲೇ!" ಎಂದು ಅವಳು ಅದನ್ನು ಮುಟ್ಟಿ ನೋಡಿಕೊಂಡಳು. "ಇನ್ನೊಂದು ಘಳಿಗೆ ಬುಟ್ರೆ ಗದ್ದಕ್ಕೆ ಬರ್ತದೆ. ಕುಣಿಗಲ್ಲೋರು ಗಂಡಮಾಲೆ ಅಂದ್ಕೋತಾರೆ." ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವಳು ನೀಲಿ ರವಿಕೆಯನ್ನು ಕೈಗೆ ತೆಗೆದುಕೊಂಡು ಮಡಿಸಿದಳು. "ಇದು ಹೋದ ವರ್ಷ ಇದ್ದ ಗೌರಿಯ ಅಳತೆ ಕಣೇ. ಅವಳೆಲ್ಲಿದಾಳೆ ಈಗ? ಟೇಪು ತಂದಿದೀಯಾ?"

ತಂದಿದ್ದೆ. ಚೀಲದಲ್ಲೇ ಇತ್ತು. ಕೇಳುವ ಧೈರ್ಯವಿರಲಿಲ್ಲ, ಅಷ್ಟೇ.

ಅವಳೇ ಕಿಟಕಿ ಮುಚ್ಚಿ, ಸೆರಗು ತೆಗೆದು, ನನ್ನ ಮುಂದೆ ನಿಂತಳು. ಹೆಂಚಿನ ಸಂದಿಯಿಂದ ಒಂದು ಬೆಳಕಿನ ಕೋಲು ಅವಳ ಬಲಹೆಗಲ ಮೇಲೆ ಬಿದ್ದಿತ್ತು. ಎದೆ ಇದ್ದ ಕಡೆ ಚಪ್ಪಟೆಯಾಗಿ, ಕೊರಳಿನ ಕೆಳಗೆ ಗುಳಿ ಬಿದ್ದು, ಎದೆಯ ನಡುವಿನಿಂದ ಕಂಕುಳಿಗೆ ಓರೆಯಾಗಿ ಒಂದು ಕೆಂಪು ಗೆರೆ ಹೋಗಿತ್ತು. ಗೆರೆಯ ಎರಡೂ ಕಡೆ ಹೊಲಿಗೆಯ ಚುಕ್ಕಿಗಳು. ನನ್ನ ಕಣ್ಣು ತಾನಾಗಿಯೇ ಆ ಚುಕ್ಕಿಗಳನ್ನು ಎಣಿಸತೊಡಗಿತು. ಅಳು ಬಾರದಿರಲು ಅದೊಂದೇ ದಾರಿಯಾಗಿತ್ತೇನೋ.

"ಡಾಕ್ಟ್ರು ಹೊಲ್ದವ್ರೆ, ನೋಡು" ಎಂದಳು ಗೌರಕ್ಕ. "ನಿನ್ನಷ್ಟು ನೀಟಿಲ್ಲ."

ಎಡ ಎಂದು ಒಂದು ಕಡೆ, ಬಲ ಎಂದು ಒಂದು ಕಡೆ ಬರೆದುಕೊಂಡೆ. ಕಾನ್ವೆಂಟಿನಲ್ಲಿ ಹಾಗೆ ಎಂದೂ ಬರೆದಿರಲಿಲ್ಲ. ಎಡತೋಳು ಹತ್ತೂವರೆ ಇಂಚು, ಬಲತೋಳು ಹದಿನಾಲ್ಕಕ್ಕೆ ಸ್ವಲ್ಪ ಕಡಿಮೆ. ಟೇಪು ಆ ಗೆರೆಯ ಮೇಲೆ ಹಾಯುವಾಗ ನನ್ನ ಬೆರಳು ತಣ್ಣಗಿದೆಯೆಂದು ಬಾಯಿಗೆ ಹತ್ತಿರ ಹಿಡಿದು ಊದಿ ಬೆಚ್ಚಗೆ ಮಾಡಿಕೊಂಡೆ. "ಅಲ್ಲಿ ನನಗೇನೂ ಗೊತ್ತಾಗಲ್ಲ, ಮುಟ್ಟು. ಮರದ ಹಲಗೆ ಇದ್ದಂಗೆ" ಎಂದಳು. ಹಾಗೆಂದರೂ ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಭಾವನವರಿಗೂ ಅವಳು ತೋರಿಸಿರಲಿಲ್ಲವೆಂದು ಆಮೇಲೆ ತಿಳಿಯಿತು.

ಇಷ್ಟೆಲ್ಲ ಅಳತೆ ಕೈಯಲ್ಲಿಟ್ಟುಕೊಂಡು ನಾನು ಮಾಡಿದ ತಪ್ಪನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಮನೆಗೆ ಬಂದು ಕಾಗದ ಹಾಸಿದೆ, ನಡುವೆ ಮಡಿಸಿದೆ, ಎಡಬಲದ ಅಳತೆ ಕೂಡಿಸಿ ಎರಡರಿಂದ ಭಾಗಿಸಿ ಅರ್ಧ ಮೈ ಬರೆದು, ಮಡಿಕೆಯ ಮೇಲೆ ಕತ್ತರಿಸಿದೆ. ಕೈಗೆ ಅದೇ ಅಭ್ಯಾಸ. ಕಾಗದ ಕಂಡರೆ ಮಡಿಸಬೇಕು. ಎರಡನೆಯ ಕೋರಾ ರವಿಕೆ ಎಡಗಡೆ ಸಡಿಲವಾಗಿ, ಬಲಗಡೆ ಬಿಗಿಯಾಗಿ, ಯಾರಿಗೂ ಸೇರದ ರವಿಕೆಯಾಯಿತು. ಗೌರಕ್ಕ ಅದನ್ನು ತೊಟ್ಟು ಎಡತೋಳಿನ ಜೋಲನ್ನು ಚಿಟಿಕೆಯಲ್ಲಿ ಹಿಡಿದು ತೋರಿಸಿದಳು. "ಇದೇನೇ, ಎಡಗಡೆಗೂ ಕಾಯಿಲೆ ಬರಿಸಬೇಕು ಅಂತಿದೀಯಾ?"

ಮೂರನೆಯದಕ್ಕೆ ಕಾಗದವನ್ನು ಮಡಿಸಲಿಲ್ಲ. ನಮ್ಮವರ ಶಾಲೆಯ ಹಳೆಯ ಭೂಪಟವೊಂದರ ಹಿಂಬದಿಯಲ್ಲಿ ಎಡಮೈ ಬೇರೆ, ಬಲಮೈ ಬೇರೆ, ಎರಡು ತೋಳು ಎರಡು ಥರ, ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದೆ. ಗುಳಿ ಬಿದ್ದ ಕಡೆ ಒಳಗಿನಿಂದ ಎರಡು ಪದರ ಬಟ್ಟೆ, ಅದರ ಕೆಳಗೆ ಒಂದು ಒಳಜೇಬು. ಜೇಬಿಗೆ ಏನು ತುಂಬುವುದು ಎಂಬುದನ್ನು ಗೌರಕ್ಕನೇ ಹೇಳಿದಳು. ಹತ್ತಿಗೆ ಭಾರವಿಲ್ಲ, ಅಕ್ಕಿಗೆ ಹುಳ ಬೀಳುತ್ತದೆ. "ಸಾಸಿವೆ ತುಂಬು. ಬಾಣಂತಿ ಮನೇಲಿ ಮಗೀನ ತಲೆ ಕೆಳಗೆ ಇಡಲ್ವಾ, ಎಷ್ಟು ಮೆತ್ತಗೆ ಕೂರುತ್ತೆ." ಸಾಸಿವೆ ಕೂತಿತು. ನಡೆದರೆ ನಡೆದಂತೆ, ಬಗ್ಗಿದರೆ ಬಗ್ಗಿದಂತೆ. ಗೌರಕ್ಕ ಗೋಡೆಯ ಕನ್ನಡಿಯ ಮುಂದೆ ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ಸೆರಗನ್ನು ಒಂದೇ ಹೆಗಲಿಗೆ ಹಾಕಿಕೊಂಡಳು. ಆರು ತಿಂಗಳ ಮೇಲೆ ಮೊದಲ ಸಲ. ರತ್ನ ಬಾಗಿಲಲ್ಲಿ ನಿಂತು ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

"ಅಳೋದು ಆಮೇಲೆ. ಗಿಂಡಿ ತಾರೇ, ನೀರು ತುಂಬಿ" ಎಂದಳು ಗೌರಕ್ಕ.

ಬಲಗೈಯಲ್ಲಿ ಗಿಂಡಿ ಹಿಡಿದು ಎತ್ತಿದಳು. ಸೊಂಟದವರೆಗೆ ಬಂತು. ಅಲ್ಲಿಂದ ಮೇಲೆ ಎತ್ತಿದರೆ ತೋಳಿನ ಜೊತೆ ಇಡೀ ರವಿಕೆಯೇ ಎದ್ದು ಬರುತ್ತಿತ್ತು, ಸಾಸಿವೆಯ ಚೀಲವೂ ಅದರ ಜೊತೆ. ಕಂಕುಳಿನ ಹೊಲಿಗೆ ಆ ಕೆಂಪು ಗೆರೆಯ ತುದಿಗೆ ಕಚ್ಚಿ ಹಿಡಿದಿತ್ತು. ಅವಳ ಮೇಲ್ತುಟಿಯಲ್ಲಿ ಬೆವರು ಮೂಡಿತು. ಗಿಂಡಿ ಕೆಳಗಿಟ್ಟು ನನ್ನ ಕಡೆ ನೋಡಿದಳು. "ಇದಕ್ಕೇನು ಮಾಡ್ತೀಯೇ?"

ಇದಕ್ಕೇನು ಮಾಡಬೇಕೆಂದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಗಂಡಸರ ಜುಬ್ಬದ ಕಂಕುಳಲ್ಲಿ ಒಂದು ಚೌಕದ ತುಂಡು ಇಟ್ಟಿರುತ್ತಾರೆ. ಕೈ ಎತ್ತಿದಾಗ ಆ ಚೌಕ ಬಿಚ್ಚಿಕೊಳ್ಳುತ್ತದೆ, ಜುಬ್ಬ ನಿಂತ ಕಡೆಯೇ ನಿಲ್ಲುತ್ತದೆ. ರವಿಕೆಗೆ ಯಾರೂ ಇಡುವುದಿಲ್ಲ, ಆದರೆ ಇಡಬಾರದೆಂದೇನೂ ಇಲ್ಲ. ನಾನು ಟೇಪನ್ನು ಸುತ್ತುತ್ತಾ ಹೇಳಿದೆ: "ಇಷ್ಟೇ ಆಗೋದು ಅಕ್ಕ. ಬಟ್ಟೆಯಲ್ಲಿ ಇನ್ನು ಮಾಡೋದಕ್ಕೆ ಏನೂ ಇಲ್ಲ."

ಗೌರಕ್ಕ ನನ್ನ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. "ಬುಡು" ಎಂದಳು. "ನೀನೇ ಕೂತ್ಕೋ. ನೀನು ಎರೆದರೂ ನಾನು ಎರೆದಂಗೇ."

ಪರೀಕ್ಷೆಯ ರವಿಕೆಯನ್ನು ಅಲ್ಲೇ ಬಿಟ್ಟು ಬಂದೆ. ತುಮಕೂರಿಗೆ ಬಂದ ಮೇಲೆ ನನಗೆ ದುಃಖವೇನೂ ಆಗಲಿಲ್ಲ, ಅದನ್ನೂ ಹೇಳಬೇಕು. ಟ್ರಂಕಿನಿಂದ ಹಸಿರು ಕಣ ತೆಗೆದು ಬಿಸಿಲಿಗೆ ಹಿಡಿದು ನೋಡಿದೆ. ಯಾವ ಸೀರೆಗೆ ಒಪ್ಪುತ್ತದೆ ಎಂದು ನಮ್ಮವರನ್ನು ಕೇಳಿದೆ. ಅವರು "ಎಲ್ಲಕ್ಕೂ ಒಪ್ಪುತ್ತೆ" ಎಂದು ಪರೀಕ್ಷೆಯ ಪೇಪರು ತಿದ್ದುವುದನ್ನು ಮುಂದುವರಿಸಿದರು. ಪುಷ್ಯದ ಚಳಿ ಬಿದ್ದಿತ್ತು. ಬೆಳಗಿನ ಹೊತ್ತು ನಮ್ಮ ಮನೆಯ ಹಿಂದಿನ ಒಕ್ಕಣೆಯ ಕಣದಲ್ಲಿ ರಾಗಿ ತೆನೆಯ ಮೇಲೆ ಗುಂಡುಕಲ್ಲು ಉರುಳುವ ಸದ್ದು ಕೇಳುತ್ತಿತ್ತು. ಬೇರೆಯವರ ರವಿಕೆಗಳನ್ನು ಎಂದಿನಂತೆ ಹೊಲಿದೆ. ಆದರೆ ಕಂಕುಳಿನ ಹೊಲಿಗೆಗೆ ಬಂದಾಗಲೆಲ್ಲ ಮೆಷಿನ್ನಿನ ಹಿಡಿಯನ್ನು ನಿಲ್ಲಿಸಿ ಸುಮ್ಮನೆ ಕೂತುಬಿಡುತ್ತಿದ್ದೆ.

ಮದುವೆಗೆ ಇನ್ನು ಹನ್ನೆರಡು ದಿನ ಇರುವಾಗ ರತ್ನ ಮತ್ತೆ ಬಂದಳು. ಲಗ್ನಪತ್ರಿಕೆ ಹಂಚುವ ನೆಪ. ಹೊರಡುವ ಮುಂಚೆ ಚೀಲದಿಂದ ಆ ಕೋರಾ ರವಿಕೆಯನ್ನು ತೆಗೆದು ಕೊಟ್ಟಳು. "ಇದನ್ನ ಸ್ವಲ್ಪ ಗಟ್ಟಿಯಾಗಿ ಹೊಲಿದು ಕೊಡ್ತೀರಾ ಚಿಕ್ಕಮ್ಮ? ಅಮ್ಮ ಹೊಲಿದದ್ದು ನಿಲ್ತಾ ಇಲ್ಲ."

ಬಲಗಡೆಯ ಕಂಕುಳು ಹರಿದಿತ್ತು. ಹರಿದದ್ದನ್ನು ಕಪ್ಪು ನೂಲಿನಲ್ಲಿ, ಎಡಗೈಯ ವಕ್ರ ಹೊಲಿಗೆಯಲ್ಲಿ ಸೇರಿಸಿದ್ದಳು. ಅದರ ಪಕ್ಕದಲ್ಲೇ ಮತ್ತೆ ಹರಿದು, ಮತ್ತೆ ಸೇರಿಸಿದ್ದಳು. ಮೂರು ಸಲ. ಮುಂಗೈಯಿಂದ ಮೊಣಕೈವರೆಗೆ ಜಾರಿ ಬಂದ ನೀರು ತೋಳಿನ ಅಂಚಿನಲ್ಲಿ ಕಲೆಯ ಮೇಲೆ ಕಲೆ ಕಟ್ಟಿತ್ತು. ಗಂಜಿಯೆಲ್ಲ ಹೋಗಿ ಬಟ್ಟೆ ಹಳೆಯ ಪಂಚೆಯಷ್ಟು ಮೆತ್ತಗಾಗಿತ್ತು.

"ಇನ್ನೂ ಹಾಕ್ಕೋತಾಳಾ ಇದನ್ನ?"

"ದಿನಾ. ಅಜ್ಜಿ ಮಲಗಿದ ಮೇಲೆ ಮಧ್ಯಾಹ್ನ ಬಚ್ಚಲಿಗೆ ಹೋಗಿ ಗಿಂಡಿ ಎತ್ತಿ ಎತ್ತಿ ನೋಡ್ತಾಳೆ. ಮೊದಲು ಸೊಂಟದವರೆಗೆ ಬರ್ತಿತ್ತು. ಈಗ ಎದೆವರೆಗೆ ಬರುತ್ತೆ. ಕೈ ಇನ್ನೂ ಮೇಲೆ ಹೋಗುತ್ತೆ ಚಿಕ್ಕಮ್ಮ, ರವಿಕೆ ಬಿಡ್ತಾ ಇಲ್ಲ ಅಷ್ಟೇ."

ನಾನು ಆ ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕಪ್ಪು ನೂಲನ್ನು ಒಂದೊಂದಾಗಿ ಬಿಚ್ಚಿದೆ. ಉಳಿದಿದ್ದ ಕೋರಾದಲ್ಲಿ ನಾಲ್ಕು ಇಂಚಿನ ಒಂದು ಚೌಕ ಕತ್ತರಿಸಿದೆ. ಅದನ್ನು ಓರೆಯಾಗಿ ತಿರುಗಿಸಿ ಕಂಕುಳಲ್ಲಿಟ್ಟು ನಾಲ್ಕೂ ಬದಿ ಹೊಲಿಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಷ್ಟೇ ಕೆಲಸ. ರತ್ನ ನೋಡುತ್ತಾ ಕೂತಿದ್ದಳು, "ಇಷ್ಟು ಸುಲಭನಾ?" ಎಂದು ಅವಳು ಕೇಳಲಿಲ್ಲವಲ್ಲ ಎಂದು ನಾನು ದೇವರನ್ನು ನೆನೆದೆ. ನಮ್ಮವರಿಗೆ ಅಡಿಗೆ ಮುಚ್ಚಿಟ್ಟು, ಪಕ್ಕದ ಮನೆಯಲ್ಲಿ ಬೀಗದ ಕೈ ಕೊಟ್ಟು, ಅವಳ ಜೊತೆ ಅದೇ ಬಸ್ಸಿಗೆ ಗುಬ್ಬಿಗೆ ಹೊರಟೆ.

ಬಚ್ಚಲ ಮನೆಯಲ್ಲಿ, ಹಂಡೆಯ ಪಕ್ಕ, ಗೌರಕ್ಕ ಗಿಂಡಿ ಎತ್ತಿದಳು. ಸೊಂಟ ದಾಟಿತು. ಎದೆ ದಾಟಿತು. ರವಿಕೆ ಅಲುಗಲಿಲ್ಲ. ಸಾಸಿವೆಯ ಚೀಲ ಇದ್ದ ಕಡೆಯೇ ಇತ್ತು. ಗಿಂಡಿಯ ಮೂತಿಯಿಂದ ನೀರು ಸಣ್ಣ ಎಳೆಯಾಗಿ ನನ್ನ ಕಾಲ ಮೇಲೆ ಬಿತ್ತು, ಗಿಂಡಿ ಪೂರ್ತಿ ಖಾಲಿಯಾಗುವವರೆಗೆ ಬೀಳುತ್ತಲೇ ಇತ್ತು. ಚಳಿಗಾಲದ ನೀರು. ನಾನು ಕಾಲು ಹಿಂದಕ್ಕೆ ತೆಗೆಯಲಿಲ್ಲ.

"ಅಕ್ಕ, ಇದು ನನಗೆ ಅವತ್ತೇ ಗೊತ್ತಿತ್ತು" ಎಂದೆ.

ಅವಳು ಗಿಂಡಿಯನ್ನು ಒರೆಸಿ ಗೂಡಿನಲ್ಲಿಟ್ಟಳು. "ನೀನು ಸುಳ್ಳು ಹೇಳೋವಾಗ ಟೇಪನ್ನ ಬೆರಳಿಗೆ ಸುತ್ಕೋತೀಯ ಕಣೇ. ಬೆರಳು ನೀಲಿ ಆಗಿತ್ತು ಅವತ್ತು." ಆಮೇಲೆ, "ಅತ್ತೆ ಅವತ್ತು ಎಲ್ಲರ ಮುಂದೆ ಹಂಗಂದಾಗ ನಿನ್ನ ಮುಖಾನೂ ನೋಡಿದ್ದೆ, ಬಾಗಿಲ ಸಂದೀಲಿ" ಎಂದಳು. ನನಗೆ ಕಾಲು ಒರೆಸಿಕೊಳ್ಳಲು ತನ್ನ ಸೆರಗನ್ನೇ ಕೊಟ್ಟಳು.

ಆಮೇಲೆ ಅರಿಶಿನ ರೇಷ್ಮೆಗೆ ಕತ್ತರಿ ಹಾಕಿದೆ. ಬಲತೋಳು ಅಗಲವಾದ್ದರಿಂದ ಬಟ್ಟೆ ಚೌಕದ ತುಂಡಿಗೆ ಸಾಲಲಿಲ್ಲ. ಅದೇ ಬಣ್ಣಕ್ಕಾಗಿ ಪೇಟೆಯೆಲ್ಲ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಟ್ರಂಕು ತೆಗೆದು ನನ್ನ ಹಸಿರು ಕಣದ ಒಂದು ಮೂಲೆಯಿಂದ ನಾಲ್ಕು ಇಂಚು ಕತ್ತರಿಸಿದೆ. ಮೂಲೆ ಹೋದ ಮೇಲೆ ಅದು ರವಿಕೆಗೆ ಸಾಲುವ ಬಟ್ಟೆಯಾಗಿ ಉಳಿಯಲಿಲ್ಲ. ಕತ್ತರಿಸುವ ಮುಂಚೆ ನನಗೆ ಅದು ಗೊತ್ತಿತ್ತು. ಧಾರೆಗೆ ಗೌರಕ್ಕನೇ ಕೂರುತ್ತಾಳೆಂದು ಅತ್ತೆಗೆ ತಿಳಿದಾಗ ಅವರು ಅವಳನ್ನು ನೋಡಿ ಕಣ್ಣೊರೆಸಿಕೊಂಡರು. ನನ್ನನ್ನು ಹಿತ್ತಲಿಗೆ ಕರೆದು, "ನಿಂಗೆ ಬರಬೇಕಾಗಿದ್ದು ತಪ್ತಲ್ಲೇ ಮಗ" ಎಂದು ಮತ್ತೆ ಕಣ್ಣೊರೆಸಿಕೊಂಡರು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಗೌರಕ್ಕ ಅದಾದ ಮೇಲೆ ಎರಡು ವರ್ಷ ಇದ್ದಳು. ಗಂಟು ಬೆನ್ನಿಗೆ ಇಳಿಯಿತು. ಅವಳನ್ನು ಕಳಿಸುವ ದಿನ ರತ್ನ ಅದೇ ಅರಿಶಿನ ರವಿಕೆ ತೊಡಿಸಬೇಕೆಂದು ಹಟ ಹಿಡಿದಳು. ಅಷ್ಟು ಹೊತ್ತಿಗೆ ಗೌರಕ್ಕ ತುಂಬ ಸಣ್ಣಗಾಗಿದ್ದಳು. ನಾನು ಎಡಕ್ಕೊಂದು ಬಲಕ್ಕೊಂದು ಒಳಹೊಲಿಗೆ ಹಾಕಿ ಕೊಟ್ಟೆ. ಕೈಯಲ್ಲೇ ಹಾಕಿದೆ, ಆ ಮನೆಯಲ್ಲಿ ಅಂದು ಮೆಷಿನ್ನಿನ ಸದ್ದು ಮಾಡಲು ಮನಸ್ಸಾಗಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ರತ್ನ ಕುಣಿಗಲ್ಲಿನಿಂದ ವರ್ಷಕ್ಕೆ ಎರಡು ಸಲ ನಮ್ಮ ಮನೆಗೆ ಬರುವಳು, ಬಂದಾಗ ಅವಳ ಹೆಣ್ಣುಮಕ್ಕಳಿಗೆ ನಾನೇ ಲಂಗ ಹೊಲಿಯುತ್ತಿದ್ದೆ. ಅಳತೆ ಲಂಗ ತರಬೇಡ, ಮಕ್ಕಳನ್ನೇ ಕರೆದುಕೊಂಡು ಬಾ ಎನ್ನುತ್ತಿದ್ದೆ.

ಮದುವೆಯ ದಿನ ಬೆಳಗ್ಗೆ ಗುಬ್ಬಿಯಲ್ಲಿ ಮಂಜು. ಚಪ್ಪರದ ಹಸಿ ಸೋಗೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಗೌರಕ್ಕ ನಡುಮನೆಯ ಹೊಸಿಲು ದಾಟಿ, ಪಡಸಾಲೆ ದಾಟಿ, ಎಲ್ಲರ ನಡುವೆ ನಡೆದು ಹೋಗಿ ಭಾವನವರ ಪಕ್ಕದಲ್ಲಿ ಕುಳಿತಳು. ಸೆರಗು ಒಂದೇ ಹೆಗಲ ಮೇಲೆ. ಊದಿದ ಬಲತೋಳಿಗೆ ಬಾಜುಬಂದಿ ಕಟ್ಟಿದ್ದರಿಂದ ತೋಳೇ ಹಾಗೆ ದಪ್ಪವೆನ್ನುವಂತೆ ಕಾಣುತ್ತಿತ್ತು. ಕುಣಿಗಲ್ಲಿನ ಬೀಗಿತ್ತಿ ಹತ್ತಿರದಲ್ಲೇ ಕೂತಿದ್ದವರು, ಗೌರಕ್ಕ ಕುಂಕುಮಕ್ಕೆಂದು ಕೈ ಎತ್ತಿದಾಗ ಕಂಕುಳಿನ ಹಸಿರನ್ನು ಕಂಡು ಬಗ್ಗಿ ನೋಡಿದರು. "ಇದೇನು ಬೀಗಿತ್ತಿ, ಹೊಸ ಫ್ಯಾಷನ್ನಾ?"

"ಹೂಂ ಕಣ್ರಮ್ಮ, ತುಮಕೂರು ಫ್ಯಾಷನ್ನು" ಎಂದಳು ಗೌರಕ್ಕ, ತನ್ನ ಹಳೆಯ ದೊಡ್ಡ ದನಿಯಲ್ಲಿ. "ನಮ್ಮ ವಾರಗಿತ್ತಿ ಕಾನ್ವೆಂಟಲ್ಲಿ ಓದಿದವಳು. ಬೇಕಾದ್ರೆ ಹೇಳಿ, ನಿಮಗೂ ಇಟ್ಟುಕೊಡ್ತಾಳೆ."

ಬೀಗಿತ್ತಿ ನಕ್ಕುಬಿಟ್ಟರು. ವಾದ್ಯ ಜೋರಾಯಿತು. ರತ್ನನ ಕೈಯನ್ನು ಹುಡುಗನ ಕೈಯಲ್ಲಿಟ್ಟು, ಮೇಲೊಂದು ತೆಂಗಿನಕಾಯಿ ಇಟ್ಟು, ಭಾವನವರು ಕೆಳಗೆ ಕೈ ಹಿಡಿದರು. ಗೌರಕ್ಕ ಗಿಂಡಿ ಎತ್ತಿದಳು. ನಾನು ಜನರ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದೆ. ಎಲ್ಲರೂ ರತ್ನನ ಮುಖ ನೋಡುತ್ತಿದ್ದರು. ನಾನು ಕಂಕುಳಿನ ನಾಲ್ಕು ಹೊಲಿಗೆಗಳನ್ನೇ ನೋಡುತ್ತಿದ್ದೆ. ಹಸಿರು ಚೌಕ ನಿಧಾನವಾಗಿ ಬಿಚ್ಚಿಕೊಂಡಿತು. ಎಲ್ಲಿಯೂ ಎಳೆಯಲಿಲ್ಲ. ಹಾಲಿನ ಧಾರೆ ಕಾಯಿಯ ಮೇಲೆ ಬಿದ್ದು ಬೆರಳುಗಳ ಸಂದಿಯಲ್ಲಿ ಇಳಿಯತೊಡಗಿತು.

ಅರ್ಧ ಎರೆದವಳು ಅಲ್ಲೇ ತಡೆದಳು. ಪುರೋಹಿತರು ಮಂತ್ರ ನಿಲ್ಲಿಸಿ ನೋಡಿದರು.

"ವಿಮಲಾ" ಎಂದು ಕರೆದಳು. "ಬಾರೇ ಇಲ್ಲಿ. ಕೈ ಸೋಲ್ತಾ ಇದೆ. ಕೆಳಗೆ ಕೈ ಕೊಡು."

ಜನ ದಾರಿ ಬಿಟ್ಟರು. ನಾನು ಹೋಗಿ ಅವಳ ಪಕ್ಕ ಮಂಡಿಯೂರಿ, ಗಿಂಡಿ ಹಿಡಿದ ಕೈಯ ಕೆಳಗೆ ನನ್ನ ಅಂಗೈ ಕೊಟ್ಟೆ. ಅವಳು ಮತ್ತೆ ಎರೆಯತೊಡಗಿದಳು. ಧಾರೆ ತುಂಡಾಗಲಿಲ್ಲ, ಕೈ ನಡುಗಲಿಲ್ಲ. ಹಾಲು ಮುಗಿಯುವವರೆಗೂ ಅವಳ ಕೈಯ ಭಾರ ಒಂದು ಸಲವೂ ನನ್ನ ಅಂಗೈ ಮೇಲೆ ಬೀಳಲಿಲ್ಲ.